ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್‌ನಿಂದ 20 ವರ್ಷಕ್ಕೆ ಪೆನ್ಶನ್ ಬರುವುದು ಹೇಗೆ: ಹಂತ ಹಂತವಾಗಿ

ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿಯ ಅರ್ಜಿ ಕೆಡುವುದಕ್ಕೆ ಕಾರಣಗಳು ಬಹಳ ಇಲ್ಲ. ಮೂರನ್ನೇ ಮತ್ತೆ ಮತ್ತೆ ಕಾಣುತ್ತೇವೆ. ಒಂದು, 20 ವರ್ಷ ಆಯ್ತು ಅಂದುಕೊಂಡವರ ಸರ್ವಿಸ್ ದಾಖಲೆಯಲ್ಲಿ ಕೆಲವು ದಿನ ಕಡಿಮೆ ಇರುತ್ತದೆ. ಎರಡು, ನಿವೃತ್ತಿ ಕೇಳಬೇಕಾದವರು ರಾಜೀನಾಮೆ ಬರೆದು ಕೊಡುತ್ತಾರೆ. ಮೂರು, ಎನ್‌ಪಿಎಸ್‌ನಲ್ಲಿ (ಸಂಬಳದಿಂದ ಕಡಿತ ಮಾಡಿ ಖಾತೆಯಲ್ಲಿ ಕೂಡಿಸುವ ಹೊಸ ಪೆನ್ಶನ್ ಯೋಜನೆ) ಇರುವವರು ಹಳೆ ಪೆನ್ಶನ್‌ನ ಲೆಕ್ಕ ಹಾಕಿಕೊಂಡು ಹೊರಗೆ ಬರುತ್ತಾರೆ. ಮೂರಕ್ಕೂ ಮೂಲ ಒಂದೇ: ನೋಟಿಸ್ ಮೊದಲು, ಲೆಕ್ಕ ಆಮೇಲೆ. ಈ ಬರಹದಲ್ಲಿ ಆ ಕ್ರಮವನ್ನು ತಿರುಗಿಸಿದ್ದೇವೆ. ನೋಟಿಸ್ ಬರೆಯುವುದು ಐದನೇ ಹಂತದಲ್ಲಿ ಬರುತ್ತದೆ. ಅಲ್ಲಿಗೇ ಹಾರಬೇಡಿ.

ಇದು ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಇರುವ ನಮ್ಮವರಿಗಾಗಿ ಬರೆದದ್ದು. ಕರ್ನಾಟಕ ರಾಜ್ಯ ಪೊಲೀಸರಿಗೆ ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ ಬೇರೆ, ಎನ್‌ಪಿಎಸ್ ಶುರುವಾದ ತಾರೀಖೂ ಬೇರೆ (ಅಲ್ಲಿ 1-4-2006). ಅವರು ಇಲ್ಲಿನ ಅಂಕಿಗಳನ್ನು ತಮಗೆ ಹಾಕಿಕೊಳ್ಳಬಾರದು. ಮೆಡಿಕಲ್ ಬೋರ್ಡ್ ಮೂಲಕ ಹೊರಗೆ ಬರುವವರ ದಾರಿಯೂ ಬೇರೆ, ಅದು ಇಲ್ಲಿ ಇಲ್ಲ.

ಕೈಯಲ್ಲಿ ಏನೇನು ಇರಬೇಕು

ಸರ್ವಿಸ್ ಬುಕ್‌ನ ಜೆರಾಕ್ಸ್ ಅಥವಾ ಸ್ಕ್ಯಾನ್, ನೇಮಕಾತಿ ಪತ್ರ, ಕಳೆದ 10 ತಿಂಗಳ ಪೇ ಸ್ಲಿಪ್, ಆಧಾರ್, ಪ್ಯಾನ್, ಮದುವೆಯಾಗಿದ್ದರೆ ಹೆಂಡತಿ ಅಥವಾ ಗಂಡನ ಜತೆಗಿನ ಫೋಟೊ, ಮಕ್ಕಳ ಜನನ ಪ್ರಮಾಣಪತ್ರ, ಪೆನ್ಶನ್ ಬರಬೇಕಾದ ಬ್ಯಾಂಕ್ ಖಾತೆಯ ಪಾಸ್‌ಬುಕ್. ಎನ್‌ಪಿಎಸ್ ಇದ್ದರೆ ಪ್ರಾನ್ ನಂಬರ್ (ಎನ್‌ಪಿಎಸ್ ಖಾತೆಯ ಸಂಖ್ಯೆ) ಮತ್ತು ಇತ್ತೀಚಿನ ಸ್ಟೇಟ್‌ಮೆಂಟ್. ಹಳೆ ಪೆನ್ಶನ್ ಇದ್ದರೆ ಜಿಪಿಎಫ್ (ಸಾಮಾನ್ಯ ಭವಿಷ್ಯ ನಿಧಿ) ಸ್ಲಿಪ್.

ಹಂತ 1: ನೀವು ಯಾವ ಯೋಜನೆಯಲ್ಲಿದ್ದೀರಿ ಅಂತ ಖಚಿತ ಮಾಡಿಕೊಳ್ಳಿ

31-12-2003ರ ಒಳಗೆ ಸೇರಿದವರಿಗೆ ಹಳೆ ಪೆನ್ಶನ್. 1-1-2004 ಅಥವಾ ಆಮೇಲೆ ಸೇರಿದವರಿಗೆ ಎನ್‌ಪಿಎಸ್. ನಡುವೆ ಒಂದು ಗುಂಪಿದೆ: ಕೆಲಸದ ಜಾಹೀರಾತು 22-12-2003ಕ್ಕೆ ಮೊದಲೇ ಬಂದಿತ್ತು, ಆದರೆ ಸೇರಿದ್ದು 2004 ಅಥವಾ ಆಮೇಲೆ. ಇಂಥವರಿಗೆ 2023ರ ಮಾರ್ಚ್‌ನಲ್ಲಿ ಹಳೆ ಪೆನ್ಶನ್‌ಗೆ ಬರಲು ಒಂದೇ ಒಂದು ಅವಕಾಶ ಕೊಟ್ಟಿದ್ದರು. ಆಗ ಆಯ್ಕೆ ಬರೆದು ಕೊಟ್ಟವರು ಆದೇಶದ ಪ್ರತಿ ಸರ್ವಿಸ್ ಬುಕ್‌ಗೆ ಅಂಟಿದೆಯಾ ಅಂತ ನೋಡಿ. ‘ಆರ್ಡರ್ ಆಗಿದೆಯಂತೆ’ ಅನ್ನುವ ಮಾತು ಸಾಲದು. ಪೇ ಸ್ಲಿಪ್‌ನಲ್ಲಿ ಎನ್‌ಪಿಎಸ್ ಕಡಿತ ನಿಂತು ಜಿಪಿಎಫ್ ಶುರುವಾಗಿರಬೇಕು.

ಇನ್ನೊಂದು ಮಾತು ಬ್ಯಾರಕ್‌ನಲ್ಲಿ ಬಹಳ ಓಡಾಡುತ್ತದೆ: ‘ಕೋರ್ಟ್ ನಮಗೆಲ್ಲ ಹಳೆ ಪೆನ್ಶನ್ ಕೊಟ್ಟಿದೆ.’ ದೆಹಲಿ ಹೈಕೋರ್ಟ್ 2023ರ ಜನವರಿಯಲ್ಲಿ ಹಾಗೆ ತೀರ್ಪು ಕೊಟ್ಟಿದ್ದು ನಿಜ. ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದೂ ನಿಜ. ತೀರ್ಪಿನ ಮೊದಲರ್ಧ ಮಾತ್ರ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದನ್ನು ನಂಬಿ ನೋಟಿಸ್ ಕೊಡಬೇಡಿ.

ಎನ್‌ಪಿಎಸ್‌ನಿಂದ ಯುಪಿಎಸ್‌ಗೆ, ಅಂದರೆ 1-4-2025ರಿಂದ ಬಂದ ಏಕೀಕೃತ ಪೆನ್ಶನ್‌ಗೆ ಹೋದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಯುಪಿಎಸ್‌ನಲ್ಲಿ ಪೂರ್ತಿ ಪೆನ್ಶನ್‌ಗೆ 25 ವರ್ಷ ಬೇಕು. 20 ವರ್ಷಕ್ಕೆ ವಿಆರ್‌ಎಸ್ ತಗೊಂಡರೆ ಆ ಪ್ರಮಾಣಕ್ಕೆ ತಕ್ಕಷ್ಟು ಸಿಗುತ್ತದೆ. ಕಷ್ಟ ಇರುವುದು ಅಲ್ಲಲ್ಲ. ಆ ಹಣ ಶುರುವಾಗುವುದು ನೀವು ಮನೆಗೆ ಬಂದ ತಿಂಗಳಿಂದ ಅಲ್ಲ, ಸರ್ವಿಸ್‌ನಲ್ಲೇ ಇದ್ದಿದ್ದರೆ ನಿಮಗೆ 60 ತುಂಬುತ್ತಿದ್ದ ದಿನದಿಂದ! 42ಕ್ಕೆ ಬಂದವರು 18 ವರ್ಷ ಕಾಯಬೇಕು. ಹಾಗಾಗಿ ಬೇಗ ಬರುವ ಯೋಚನೆ ಇರುವವರಿಗೆ ಯುಪಿಎಸ್ ಸರಿಹೊಂದುವುದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ. ವಾಪಸ್ ಎನ್‌ಪಿಎಸ್‌ಗೆ ಹೋಗಲು ಒಂದೇ ಸಲ ಅವಕಾಶ ಇದೆ. ವಿಆರ್‌ಎಸ್ ತಗೊಳ್ಳುವವರು ನಿವೃತ್ತಿ ದಿನಕ್ಕೆ ಕನಿಷ್ಠ 3 ತಿಂಗಳು ಮೊದಲು ಅದನ್ನು ಬಳಸಿಕೊಳ್ಳಬೇಕು. ನೋಟಿಸ್ ಅವಧಿಯೂ 3 ತಿಂಗಳೇ ಆದ್ದರಿಂದ ನೋಟಿಸ್ ಕೊಟ್ಟ ಮೇಲೆ ಯೋಚಿಸುತ್ತೇನೆ ಅಂದರೆ ಕಾಲ ಮೀರಿರುತ್ತದೆ.

ಹಂತ 2: 20 ವರ್ಷವನ್ನು ಕಾಗದದ ಮೇಲೆ ಎಣಿಸಿ

ಇಡೀ ಕೆಲಸದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ನಿಯಮ ಕೇಳುವುದು ಪೆನ್ಶನ್‌ಗೆ ಲೆಕ್ಕಕ್ಕೆ ಬರುವ 20 ವರ್ಷ. ಸೇರಿದ ದಿನದಿಂದ ಇವತ್ತಿನವರೆಗೆ ಕ್ಯಾಲೆಂಡರ್ ನೋಡಿ ಎಣಿಸಿದರೆ ಆಗುವುದಿಲ್ಲ. ಈ ದಿನಗಳು ಕಳೆದುಹೋಗುತ್ತವೆ:

- 18 ತುಂಬುವ ಮೊದಲಿನ ಸರ್ವಿಸ್.
- ಮೆಡಿಕಲ್ ಸರ್ಟಿಫಿಕೇಟ್ ಇಲ್ಲದೆ ತಗೊಂಡ ಸಂಬಳರಹಿತ ರಜೆ.
- ‘ಡೈಸ್ ನಾನ್’, ಅಂದರೆ ಸರ್ವಿಸ್ ಲೆಕ್ಕಕ್ಕಿಲ್ಲ ಅಂತ ಬರೆದ ದಿನಗಳು.
- ಡ್ಯೂಟಿ ಅಂತ ಪರಿಗಣಿಸದ ಸಸ್ಪೆನ್ಶನ್ ಅವಧಿ.

ಊರಿನ ಜಾತ್ರೆಗೋ ಭತ್ತದ ನಾಟಿಗೋ ಅಂತ ರಜೆ ಮೀರಿ ನಿಂತದ್ದು ನಿಮಗೆ ಮರೆತಿರಬಹುದು. ಸರ್ವಿಸ್ ಬುಕ್ ಮರೆತಿರುವುದಿಲ್ಲ. ರಜೆಯ ಪುಟಗಳನ್ನು ಒಂದೊಂದಾಗಿ ತಿರುವಿ. ಉದಾಹರಣೆಗೆ 2009ರಲ್ಲಿ 17 ದಿನ ತಡವಾಗಿ ಹಾಜರಾಗಿದ್ದೀರಿ ಅಂತಿಟ್ಟುಕೊಳ್ಳಿ. ಆ ಸಾಲಿನ ಎದುರು ‘ಗಳಿಕೆ ರಜೆಯಾಗಿ ಮಂಜೂರು’ ಅಂತ ಇದ್ದರೆ ಆ ದಿನಗಳು ಉಳಿದವು. ‘ಡೈಸ್ ನಾನ್’ ಅಂತ ಇದ್ದರೆ ನಿಮ್ಮ 20 ವರ್ಷ 17 ದಿನ ಮುಂದೆ ಹೋಯಿತು. ಏನೂ ಬರೆಯದೆ ಖಾಲಿ ಬಿಟ್ಟಿದ್ದರೆ ಅದು ಇನ್ನೂ ಕಷ್ಟ. ಪೆನ್ಶನ್ ಕಾಗದ ಅಕೌಂಟ್ಸ್ ಆಫೀಸಿಗೆ ಹೋದಾಗ ಆ ಖಾಲಿ ಸಾಲಿಗೇ ಆಕ್ಷೇಪ ಹಾಕಿ ವಾಪಸ್ ಕಳಿಸುತ್ತಾರೆ. ಅದನ್ನು ಈಗಲೇ ಸರಿಪಡಿಸಲು ಅರ್ಜಿ ಕೊಡಿ.

ಕಡ್ಡಾಯವಾಗಿ ಮಾಡಬೇಕಾದ ಕೆಲಸ: ಪರಿಶೀಲಿಸಿದ ಸರ್ವಿಸ್ ಎಷ್ಟು ಅಂತ ಲಿಖಿತ ಪ್ರಮಾಣಪತ್ರ ಕೇಳಿ ಪಡೆಯಿರಿ. ಕೇಂದ್ರ ನಾಗರಿಕ ಸೇವಾ ಪೆನ್ಶನ್ ನಿಯಮ 2021ರ ಪ್ರಕಾರ 18 ವರ್ಷ ಸರ್ವಿಸ್ ಆದಾಗ ಇಲಾಖೆಯೇ ಇದನ್ನು ಪರಿಶೀಲಿಸಿ ತಿಳಿಸಬೇಕು. ಬಹಳ ಕಡೆ ಕೇಳಿದರಷ್ಟೇ ಕೊಡುತ್ತಾರೆ, ಹಾಗಾಗಿ ಕೇಳಿ.

19 ವರ್ಷ 9 ತಿಂಗಳಾದರೆ 20 ಅಂತ ಹಿಡಿಯುತ್ತಾರೆ ಅನ್ನುವವರು ಸಿಗುತ್ತಾರೆ. ಮೂರು ತಿಂಗಳನ್ನು ಅರ್ಧ ವರ್ಷ ಅಂತ ಹಿಡಿಯುವುದು ಹಣದ ಲೆಕ್ಕಕ್ಕೆ ಇರುವ ಅನುಕೂಲ. ಅದನ್ನು ನಂಬಿಕೊಂಡು ಅರ್ಜಿ ಹಾಕಿ ಕೋರ್ಟ್ ಅಲೆಯುವುದಕ್ಕಿಂತ ಮೂರು ತಿಂಗಳು ಕಾಯುವುದು ವಾಸಿ ಅಲ್ವಾ?

ಹಂತ 3: ಹೆಸರು ಮತ್ತು ನಾಮನಿರ್ದೇಶನ ಸರಿಪಡಿಸಿ

ದಕ್ಷಿಣದವರಿಗೆ ಇದೊಂದು ವಿಶೇಷ ತಲೆನೋವು. ನಮ್ಮ ಹೆಸರಿನಲ್ಲಿ ಇನಿಷಿಯಲ್ ಇರುತ್ತದೆ. ಭರ್ತಿಯ ದಿನ ಉತ್ತರದ ಕ್ಲರ್ಕ್ ಅದನ್ನು ಹಿಂದೆಯೋ ಮುಂದೆಯೋ ಹಾಕಿರುತ್ತಾರೆ, ಇಲ್ಲವೇ ಊರಿನ ಹೆಸರನ್ನೇ ಸರ್‌ನೇಮ್ ಮಾಡಿರುತ್ತಾರೆ. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ. ಪ್ಯಾನ್‌ನಲ್ಲಿ ತಂದೆಯ ಹೆಸರು ಕೊನೆಗೆ ಬಂದಿರುತ್ತದೆ. ಸರ್ವಿಸ್ ಬುಕ್, ಆಧಾರ್, ಪ್ಯಾನ್, ಬ್ಯಾಂಕ್, ಈ ನಾಲ್ಕರಲ್ಲೂ ಹೆಸರು ಮತ್ತು ಹುಟ್ಟಿದ ತಾರೀಖು ಒಂದೇ ಆಗಬೇಕು. ಸರ್ವಿಸ್ ಬುಕ್ ತಿದ್ದಿಸುವುದಕ್ಕಿಂತ ಉಳಿದ ಮೂರನ್ನು ಅದಕ್ಕೆ ಹೊಂದಿಸುವುದು ಸುಲಭ.

ಹೆಂಡತಿಯ ಹೆಸರನ್ನೂ ಅಕ್ಷರ ಅಕ್ಷರ ನೋಡಿ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಸರ್ವಿಸ್ ಬುಕ್‌ನಲ್ಲಿ ‘ಲಕ್ಷ್ಮೀ ದೇವಿ’ ಅಂತ ಇದ್ದರೆ ನಾಳೆ ಕುಟುಂಬ ಪೆನ್ಶನ್‌ಗೆ ಅಲೆಯುವುದು ಅವರು. ಮದುವೆಗೆ ಮೊದಲು ಅಮ್ಮನ ಹೆಸರಿಗೆ ಮಾಡಿದ ನಾಮನಿರ್ದೇಶನ ಹಾಗೇ ಉಳಿದಿದ್ದರೆ ಈಗಲೇ ಬದಲಿಸಿ. ಗ್ರ್ಯಾಚ್ಯುಟಿ, ಜಿಪಿಎಫ್ ಅಥವಾ ಎನ್‌ಪಿಎಸ್, ಗುಂಪು ವಿಮೆ, ಎಲ್ಲಕ್ಕೂ ಬೇರೆ ಬೇರೆ ನಾಮನಿರ್ದೇಶನ ಇರುತ್ತದೆ ಅನ್ನುವುದು ನೆನಪಿರಲಿ.

ಹಂತ 4: ಹಣದ ಲೆಕ್ಕ ಹಾಕಿ

ಮೊದಲು ಹಳೆ ಪೆನ್ಶನ್‌ನವರು. ಕೊನೆಯ ಬೇಸಿಕ್ ಅಥವಾ ಕೊನೆಯ 10 ತಿಂಗಳ ಸರಾಸರಿ, ಯಾವುದು ಜಾಸ್ತಿಯೋ ಅದರ ಅರ್ಧ ಪೆನ್ಶನ್. 20 ವರ್ಷಕ್ಕೆ ಬಂದರೂ ಪೂರ್ತಿ ಅರ್ಧ ಸಿಗುತ್ತದೆ. 33 ವರ್ಷಕ್ಕಿಂತ ಕಡಿಮೆ ಸರ್ವಿಸ್ ಇದ್ದರೆ ಪೆನ್ಶನ್ ಇಳಿಸುವ ಹಳೆ ಪದ್ಧತಿ 2006ರ ನಂತರ ನಿವೃತ್ತರಾದವರಿಗೆ ಇಲ್ಲ.

2003ರಲ್ಲಿ ಸೇರಿ, 22 ವರ್ಷ ಮುಗಿಸಿ, 42ರ ವಯಸ್ಸಿನಲ್ಲಿ ಬರುವ ಒಬ್ಬರನ್ನು ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ಬೇಸಿಕ್ 40,000, ಡಿಎ ಶೇ 55 ಅಂತ ಇಟ್ಟುಕೊಳ್ಳಿ.

ಪೆನ್ಶನ್ 20,000. ಅದರ ಮೇಲೆ ಡಿಆರ್ (ಪೆನ್ಶನ್‌ದಾರರಿಗೆ ಕೊಡುವ ತುಟ್ಟಿಭತ್ಯೆ) 11,000. ಒಟ್ಟು ತಿಂಗಳಿಗೆ 31,000.

ಗ್ರ್ಯಾಚ್ಯುಟಿ: ಪ್ರತಿ ಆರು ತಿಂಗಳ ಸರ್ವಿಸ್‌ಗೆ ಬೇಸಿಕ್ ಮತ್ತು ಡಿಎ ಸೇರಿದ ಮೊತ್ತದ ಕಾಲು ಭಾಗ. 22 ವರ್ಷಕ್ಕೆ 44 ಅರ್ಧವರ್ಷ, ಅಂದರೆ 11 ತಿಂಗಳ ಮೊತ್ತ. 62,000ವನ್ನು 11ರಿಂದ ಗುಣಿಸಿದರೆ 6,82,000.

ಉಳಿದ ರಜೆಯ ಹಣ: ಗರಿಷ್ಠ 300 ದಿನ. 180 ದಿನ ಉಳಿದಿದ್ದರೆ ಆರು ತಿಂಗಳ ಮೊತ್ತ, 3,72,000. ಇದರ ಜತೆಗೆ ಜಿಪಿಎಫ್ ಮತ್ತು ಗುಂಪು ವಿಮೆಯ ಉಳಿತಾಯ.

ಇನ್ನು ಕಮ್ಯುಟೇಶನ್. ಪೆನ್ಶನ್‌ನ ಶೇ 40ರವರೆಗೆ ಮುಂಗಡವಾಗಿ ಒಟ್ಟಿಗೆ ಪಡೆಯಬಹುದು. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 8,000 ಬಿಟ್ಟುಕೊಟ್ಟರೆ, ಮುಂದಿನ ಹುಟ್ಟುಹಬ್ಬಕ್ಕೆ 43 ಆಗುವವರಿಗೆ ಕೋಷ್ಟಕದ ಅಂಕಿ 9.040. 8,000ದ 12 ತಿಂಗಳ ಮೊತ್ತವನ್ನು ಇದರಿಂದ ಗುಣಿಸಿದರೆ ಸಿಗುವುದು 8,67,840. ಇದಕ್ಕೆ ತೆರಿಗೆ ಇಲ್ಲ. ಆಮೇಲೆ 15 ವರ್ಷ ಕೈಗೆ ಬರುವುದು 12,000 ಮತ್ತು ಡಿಆರ್. ಡಿಆರ್ ಮಾತ್ರ ಪೂರ್ತಿ 20,000ದ ಮೇಲೇ ಲೆಕ್ಕ. 15 ವರ್ಷದಲ್ಲಿ ಕಡಿತ ಆಗುವುದು 14,40,000.

‘ಎಲ್ಲರೂ ತಗೊಳ್ಳುತ್ತಾರೆ’ ಅಂತ ಸುಮ್ನೆ ಟಿಕ್ ಹಾಕಬೇಡಿ. ಲೆಕ್ಕ ಬಿಡಿಸಿದರೆ ಇದು ಸುಮಾರು ಶೇ 7.4 ಬಡ್ಡಿಯ ಸಾಲಕ್ಕೆ ಸಮ. ತಲೆ ಮೇಲೆ ಶೇ 11, 12ರ ಪರ್ಸನಲ್ ಲೋನ್ ಇದ್ದರೆ ತಗೊಂಡು ಅದನ್ನು ತೀರಿಸಿ. ಮನೆ ಕಟ್ಟಬೇಕಿದ್ದರೂ ಸರಿ. ಎಫ್‌ಡಿಯಲ್ಲಿ ಇಡಲು ಅಂತಾದರೆ ಬೇಡ. ಒಂದು ಅಂಶ ಇದರ ಪರವಾಗಿದೆ: ಪೆನ್ಶನ್‌ದಾರ ನಡುವೆ ತೀರಿಕೊಂಡರೆ ಉಳಿದ ಕಡಿತ ಅಲ್ಲಿಗೇ ನಿಲ್ಲುತ್ತದೆ, ಕುಟುಂಬ ಪೆನ್ಶನ್‌ನಿಂದ ವಸೂಲಿ ಇಲ್ಲ.

ಎನ್‌ಪಿಎಸ್‌ನವರಿಗೆ ‘ಅರ್ಧ ಸಂಬಳ’ ಅನ್ನುವುದೇ ಇಲ್ಲ. ಖಾತೆಯಲ್ಲಿ ಕೂಡಿದ ಹಣದಲ್ಲಿ ಶೇ 60ರವರೆಗೆ ಕೈಗೆ ಬರುತ್ತದೆ, ಕನಿಷ್ಠ ಶೇ 40ಕ್ಕೆ ಆನ್ಯುಯಿಟಿ (ವಿಮಾ ಕಂಪನಿ ತಿಂಗಳು ತಿಂಗಳು ಕೊಡುವ ಪೆನ್ಶನ್) ಕೊಳ್ಳಬೇಕು. 20 ವರ್ಷ ಮುಗಿಸಿ ನಿಯಮದ ಪ್ರಕಾರ ಬಂದವರಿಗೂ 60ಕ್ಕೆ ನಿವೃತ್ತರಾದವರ ಲೆಕ್ಕವೇ ಅನ್ವಯ ಅಂತ 2024ರ ಅಕ್ಟೋಬರ್‌ನಲ್ಲಿ ಪೆನ್ಶನ್ ಇಲಾಖೆ ಸ್ಪಷ್ಟ ಮಾಡಿದೆ. ಗ್ರ್ಯಾಚ್ಯುಟಿ, ರಜೆಯ ಹಣ ಇವರಿಗೂ ಉಂಟು. ಆದರೆ ಆನ್ಯುಯಿಟಿಗೆ ಡಿಆರ್ ಸೇರುವುದಿಲ್ಲ. ಇವತ್ತು ಬರುವ 8,000 ಇಪ್ಪತ್ತು ವರ್ಷದ ಮೇಲೂ 8,000ವೇ. 42ಕ್ಕೆ ಬರುವವರು ಇದನ್ನು ಮನೆಯವರ ಜತೆ ಕೂತು ಯೋಚಿಸಬೇಕು. ಊರಲ್ಲಿ ಬೇರೆ ಆದಾಯ ಗಟ್ಟಿ ಇಲ್ಲದ ಎನ್‌ಪಿಎಸ್‌ನವರಿಗೆ 20ಕ್ಕೇ ಬರುವುದನ್ನು ನಾವು ಹೇಳುವುದಿಲ್ಲ.

ತಾರೀಖಿನ ವಿಷಯ. 20 ವರ್ಷಕ್ಕೆ ಎರಡನೇ ಎಂಎಸಿಪಿ (ಬಡ್ತಿ ಸಿಗದವರಿಗೆ ಕೊಡುವ ಸಂಬಳ ಏರಿಕೆ) ಬರುತ್ತದೆ. ಇನ್‌ಕ್ರಿಮೆಂಟ್ ಜನವರಿ 1 ಅಥವಾ ಜುಲೈ 1ಕ್ಕೆ. ಇವೆರಡೂ ಪೇ ಸ್ಲಿಪ್‌ನಲ್ಲಿ ಕಂಡ ಮೇಲೆ ಹೊರಡುವ ದಿನ ಇಟ್ಟುಕೊಳ್ಳಿ. ಹಳೆ ಪೆನ್ಶನ್‌ನವರಿಗೆ ಬೇಸಿಕ್ ಏರಿದಷ್ಟರ ಅರ್ಧ ಜೀವನಪೂರ್ತಿ ಸಿಗುತ್ತದೆ.

ಹಂತ 5: ನೋಟಿಸ್ ಬರೆಯಿರಿ

ಹಳೆ ಪೆನ್ಶನ್‌ನವರು 2021ರ ಪೆನ್ಶನ್ ನಿಯಮಗಳ ನಿಯಮ 43ರ ಅಡಿ, ಎನ್‌ಪಿಎಸ್‌ನವರು 2021ರ ಎನ್‌ಪಿಎಸ್ ಅನುಷ್ಠಾನ ನಿಯಮಗಳ ನಿಯಮ 12ರ ಅಡಿ ಬರೆಯಬೇಕು. ಕನಿಷ್ಠ 3 ತಿಂಗಳ ನೋಟಿಸ್. ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ, ಕಂಪನಿ ಕಮಾಂಡರ್ ಮೂಲಕ, ನೇಮಕಾತಿ ಅಧಿಕಾರಿಗೆ. ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳಿಗೆ ಸಾಮಾನ್ಯವಾಗಿ ಅದು ಕಮಾಂಡೆಂಟ್. ಒಳಗಿನ ಮಾತು ಇಷ್ಟು ಸಾಕು:

‘ಪರಿಶೀಲಿಸಿದ ದಾಖಲೆಯಂತೆ ನನ್ನ ಅರ್ಹ ಸೇವೆ ಇಷ್ಟು ವರ್ಷ ಇಷ್ಟು ತಿಂಗಳು ಇಷ್ಟು ದಿನ. ಮೇಲಿನ ನಿಯಮದ ಅಡಿ ಇಂಥ ದಿನದಿಂದ ಸ್ವಯಂ ನಿವೃತ್ತಿ ಪಡೆಯಲು ಈ ಮೂಲಕ 3 ತಿಂಗಳ ನೋಟಿಸ್ ಕೊಡುತ್ತಿದ್ದೇನೆ. ಕಾರಣ: ಕೌಟುಂಬಿಕ.’

ಅಪ್ಪನ ಕಾಯಿಲೆ, ಜಮೀನಿನ ವ್ಯಾಜ್ಯ ಅಂತ ನಾಲ್ಕು ಪುಟ ಬರೆಯಬೇಡಿ. ಜಾಸ್ತಿ ಬರೆದಷ್ಟೂ ‘ರಜೆ ಕೊಟ್ಟರೆ ಸಾಕಲ್ಲವೇ’ ಅನ್ನುವ ಪ್ರಶ್ನೆಗೆ ನೀವೇ ಜಾಗ ಮಾಡಿಕೊಟ್ಟ ಹಾಗೆ.

ಕಾಗದದಲ್ಲಿ ಎಲ್ಲಿಯೂ ‘ರಾಜೀನಾಮೆ’ ಅನ್ನುವ ಮಾತು ಬರಬಾರದು. ಕ್ಲರ್ಕ್ ಟೈಪ್ ಮಾಡಿ ಕೊಟ್ಟದ್ದಾದರೂ ಓದದೆ ಸಹಿ ಹಾಕಬೇಡಿ. ರಾಜೀನಾಮೆ ಕೊಟ್ಟರೆ ಹಿಂದಿನ ಸರ್ವಿಸ್ ಎಲ್ಲ ಪೆನ್ಶನ್‌ಗೆ ಹೋಯಿತು, ರಜೆಯ ಹಣವೂ ಉಳಿದ ರಜೆಯ ಅರ್ಧಕ್ಕೆ ಮಾತ್ರ, ಅದೂ 150 ದಿನ ಮೀರುವಂತಿಲ್ಲ. ಬಿಎಸ್‌ಎಫ್‌ನಲ್ಲಿ 10 ವರ್ಷ ದಾಟಿ, 20 ಆಗುವ ಮೊದಲು ರಾಜೀನಾಮೆ ಕೊಟ್ಟ ಅನೇಕರಿಗೆ 1990ರ ದಶಕದ ಒಂದು ಸುತ್ತೋಲೆ ನೋಡಿ ಪೆನ್ಶನ್ ಕೊಟ್ಟು, ಆಮೇಲೆ ನಿಲ್ಲಿಸಿದರು. 2001ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರಿಗೆ ಪೆನ್ಶನ್ ಹಕ್ಕಿಲ್ಲ ಅಂದಿತು. 10 ವರ್ಷಕ್ಕೆ ಪೆನ್ಶನ್ ಸಿಗುತ್ತೆ ಅನ್ನುವ ಮಾತು ಇವತ್ತಿಗೂ ಕೇಳಿಬರುತ್ತದೆ. 10 ವರ್ಷದ ಲೆಕ್ಕ ವಯಸ್ಸಾಗಿ ನಿವೃತ್ತರಾಗುವವರಿಗೆ, ತಾವಾಗಿ ಬಿಟ್ಟು ಬರುವವರಿಗಲ್ಲ.

ನೋಟಿಸ್‌ನ ಎರಡನೇ ಪ್ರತಿಗೆ ಡೈರಿ ನಂಬರ್, ತಾರೀಖು, ಸೀಲು ಹಾಕಿಸಿಕೊಳ್ಳಿ. ಮೂರು ತಿಂಗಳು ಶುರುವಾಗಿದ್ದು ಯಾವತ್ತು ಅನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಹಂತ 6: ಆ ಮೂರು ತಿಂಗಳು

ಕಮಾಂಡೆಂಟ್ ಕರೆದು ಮಾತಾಡಿಸುತ್ತಾರೆ. ಬುದ್ಧಿ ಹೇಳುತ್ತಾರೆ. ಅದು ಪದ್ಧತಿ, ಗಾಬರಿ ಬೇಡ. ನೋಟಿಸ್ ಅವಧಿ ಮುಗಿಯುವುದರೊಳಗೆ ಬೇಡ ಅಂತ ಲಿಖಿತವಾಗಿ ತಿಳಿಸದಿದ್ದರೆ ನಿವೃತ್ತಿ ತಾನಾಗಿ ಜಾರಿಗೆ ಬರುತ್ತದೆ ಅಂತ ನಿಯಮ ಹೇಳುತ್ತದೆ. ಹಾಗಂತ ಆದೇಶ ಇಲ್ಲದೆ ಟ್ರಂಕ್ ಹೊತ್ತು ರೈಲು ಹತ್ತಬೇಡಿ. ಕಡೇ ವಾರದವರೆಗೂ ಸುದ್ದಿ ಇಲ್ಲದಿದ್ದರೆ ನಿಯಮ ಉಲ್ಲೇಖಿಸಿ ಒಂದು ಜ್ಞಾಪನ ಪತ್ರ ಕೊಡಿ, ಅದಕ್ಕೂ ಸೀಲು ಹಾಕಿಸಿ.

ಎಚ್ಚರಿಕೆಯ ಗುರುತುಗಳು: ಇಲಾಖಾ ವಿಚಾರಣೆ ನಡೆಯುತ್ತಿದ್ದರೆ, ಸಸ್ಪೆನ್ಶನ್ ಇದ್ದರೆ, ಕೋರ್ಟ್ ಕೇಸ್ ಇದ್ದರೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಅದನ್ನು ಮುಗಿಸಿಕೊಂಡು ಬನ್ನಿ.

ಮನಸ್ಸು ಬದಲಾದರೆ ನಿವೃತ್ತಿ ದಿನಕ್ಕೆ ಕನಿಷ್ಠ 15 ದಿನ ಮೊದಲೇ ವಾಪಸ್ ಅರ್ಜಿ ಕೊಡಿ. ಅದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕು, ಹಕ್ಕಿನಿಂದ ಸಿಗುವುದಲ್ಲ. ಮೂರು ತಿಂಗಳನ್ನು ಕಡಿಮೆ ಮಾಡಿ ಅಂತಲೂ ಕೇಳಬಹುದು. ಆದರೆ ಹಾಗೆ ಮಾಡಿಸಿಕೊಂಡವರು ಪೂರ್ತಿ ಮೂರು ತಿಂಗಳು ಕಳೆಯುವ ತನಕ ಕಮ್ಯುಟೇಶನ್‌ಗೆ ಅರ್ಜಿ ಹಾಕುವಂತಿಲ್ಲ.

ಹಂತ 7: ಭವಿಷ್ಯ ಪೋರ್ಟಲ್ ಮತ್ತು ಬಾಕಿ ಇಲ್ಲ ಪತ್ರ

ಒಪ್ಪಿಗೆ ಆದೇಶ ಬಂದ ಮೇಲೆ ಕಚೇರಿಯವರು ನಿಮ್ಮ ಹೆಸರನ್ನು ‘ಭವಿಷ್ಯ’ ಪೋರ್ಟಲ್‌ಗೆ ಹಾಕುತ್ತಾರೆ. ಅಲ್ಲಿ ಫಾರ್ಮ್ 6-ಎ ತುಂಬಬೇಕು. ಮೊದಲಿದ್ದ ಹಲವು ಫಾರ್ಮ್‌ಗಳನ್ನು ಈಗ ಇದೊಂದರಲ್ಲೇ ಸೇರಿಸಿದ್ದಾರೆ. ಮೊಬೈಲ್ ನಂಬರ್ ನಿಮ್ಮದೇ ಇರಲಿ, ಕ್ಯಾಂಪಿನ ಗೆಳೆಯನದ್ದು ಬೇಡ. ಊರಿಗೆ ಬಂದ ಮೇಲೂ ಒಟಿಪಿ ಅದಕ್ಕೇ ಬರುತ್ತದೆ. ಖಾಯಂ ವಿಳಾಸದಲ್ಲಿ ಹೋಬಳಿ, ತಾಲ್ಲೂಕು, ಪಿನ್ ಕೋಡ್ ಸರಿಯಾಗಿರಲಿ. ಬ್ಯಾಂಕ್ ಖಾತೆಯನ್ನು ಹೆಂಡತಿ ಅಥವಾ ಗಂಡನ ಜತೆ ಜಂಟಿಯಾಗಿ ಮಾಡಿಸಿದರೆ ಮುಂದೆ ಅನುಕೂಲ.

ಕಿಟ್, ಕ್ವಾರ್ಟರ್ಸ್, ಮೆಸ್, ಮನೆ ಸಾಲ, ಎಲ್ಲದರ ಬಾಕಿ ತೀರಿಸಿ ಪತ್ರ ಪಡೆಯಿರಿ. ಇದು ತಡವಾದರೆ ಗ್ರ್ಯಾಚ್ಯುಟಿ ತಡವಾಗುತ್ತದೆ. ಕಮ್ಯುಟೇಶನ್ ಬೇಕಿದ್ದರೆ ನಿವೃತ್ತಿಯಾಗಿ ಒಂದು ವರ್ಷದೊಳಗೆ ಕೇಳಿ. ಅದು ದಾಟಿದರೆ ಮೆಡಿಕಲ್ ಪರೀಕ್ಷೆ ಆಗಬೇಕು.

ಹಂತ 8: ಊರಿಗೆ ಬಂದ ಮೇಲೆ

ಪಿಪಿಒ (ಪೆನ್ಶನ್ ಪಾವತಿ ಆದೇಶ) ಕೈಗೆ ಬಂದ ಕೂಡಲೇ ಐದು ಕಡೆ ಕಣ್ಣು ಹಾಯಿಸಿ: ಹೆಸರು, ಬೇಸಿಕ್, ಅರ್ಹ ಸೇವೆ, ಹೆಂಡತಿ ಅಥವಾ ಗಂಡನ ಹೆಸರು, ಅವರ ಹುಟ್ಟಿದ ತಾರೀಖು. ತಪ್ಪಿದ್ದರೆ ಬ್ಯಾಂಕಿನವರು ತಿದ್ದಲು ಆಗುವುದಿಲ್ಲ. ಕೊನೆಯ ಯೂನಿಟ್‌ಗೇ ಬರೆಯಬೇಕು. ಅಲ್ಲಿನ ಪೆನ್ಶನ್ ಕ್ಲರ್ಕ್‌ನ ನಂಬರ್ ಇಟ್ಟುಕೊಂಡು ಬನ್ನಿ.

ಆರೋಗ್ಯಕ್ಕೆ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ) ಕಾರ್ಡ್ ಮಾಡಿಸಬಹುದು. ಪೇ ಲೆವೆಲ್ 5ರವರೆಗಿನವರಿಗೆ ತಿಂಗಳಿಗೆ 250 ರೂಪಾಯಿ. ಹತ್ತು ವರ್ಷದ್ದು 30,000 ಒಟ್ಟಿಗೆ ಕಟ್ಟಿದರೆ ಜೀವನಪೂರ್ತಿ ನಡೆಯುತ್ತದೆ. ಬೆಂಗಳೂರಿನಂಥ ಸಿಜಿಎಚ್‌ಎಸ್ ಇರುವ ಊರಿಂದ ದೂರ ಹಳ್ಳಿಯಲ್ಲಿ ಇರುವವರು ತಿಂಗಳಿಗೆ 1,000ದ ವೈದ್ಯಕೀಯ ಭತ್ಯೆ ಆರಿಸಿಕೊಳ್ಳಬಹುದು. ಸಣ್ಣ ಮಕ್ಕಳಿರುವ ಮನೆಗೆ, ವಯಸ್ಸಾದ ಅಪ್ಪ ಅಮ್ಮ ಇರುವ ಮನೆಗೆ ಕಾರ್ಡೇ ಮೇಲು.

ನಿರೀಕ್ಷೆಯ ಬಗ್ಗೆ ಒಂದು ಮಾತು. 2012ರಿಂದ ನಿಮಗೆ ‘ಮಾಜಿ ಸಿಎಪಿಎಫ್’ (ಕೇಂದ್ರ ಸಶಸ್ತ್ರ ಪೊಲೀಸ್ ಪಡೆ) ಅನ್ನುವ ಗುರುತು ಇದೆ, ಪೊಲೀಸ್ ಕಲ್ಯಾಣ ಭಂಡಾರದಲ್ಲಿ ಸಾಮಾನು ಸಿಗುತ್ತದೆ. ಆದರೆ ಮಾಜಿ ಸೈನಿಕರ ಕೋಟಾ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಆಸ್ಪತ್ರೆ ನಿಮಗಿಲ್ಲ. ಊರಿಗೆ ಹೋಗಿ ಬ್ಯಾಂಕ್ ಗಾರ್ಡ್ ಆಗುತ್ತೇನೆ ಅಂತ ಹೊರಟವರು ಜಾಹೀರಾತನ್ನು ಪೂರ್ತಿ ಓದಿ. ಬಹುತೇಕ ಕಡೆ ಅದು ಮಾಜಿ ಸೈನಿಕರಿಗೆ ಮಾತ್ರ.

ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು. ಮೊಬೈಲ್‌ನಲ್ಲೇ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡಬಹುದು, ಬ್ಯಾಂಕಿಗೆ ಹೋದರೂ ಆಗುತ್ತದೆ. ಮರೆತರೆ ಪೆನ್ಶನ್ ನಿಲ್ಲುತ್ತದೆ, ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತದೆ. ಕಮ್ಯುಟೇಶನ್ ತಗೊಂಡವರು ಆ ಹಣ ಖಾತೆಗೆ ಬಿದ್ದ ತಾರೀಖನ್ನು ಪಿಪಿಒ ಪ್ರತಿಯ ಮೇಲೆ ಬರೆದಿಟ್ಟುಕೊಳ್ಳಿ. ಅದಕ್ಕೆ 15 ವರ್ಷ ತುಂಬಿದ ತಿಂಗಳು ಪೂರ್ತಿ ಪೆನ್ಶನ್ ಮತ್ತೆ ಶುರುವಾಗಬೇಕು. ಆಗದಿದ್ದರೆ ಆ ತಾರೀಖು ತೋರಿಸಿ ಬ್ಯಾಂಕಿನ ಪೆನ್ಶನ್ ವಿಭಾಗಕ್ಕೆ ಅರ್ಜಿ ಕೊಡಿ.